ಎರಡು ಸಾವಿರ ಗಂಟೆಯ ಬೆಳಕು

ಸಕಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಎರಡನೇ ಮಹಡಿಯ ಹದಿನಾಲ್ಕನೇ ಕೋಣೆಯ ಬಾಗಿಲನ್ನು ಯಾರೂ, ಯಾವ ಕಾರಣಕ್ಕೂ, ಯಾರ ಅಪ್ಪಣೆಯ ಮೇರೆಗೂ ತೆರೆಯತಕ್ಕದ್ದಲ್ಲ.

ನಾನೇ ಬರೆದು ನಾನೇ ಅಂಟಿಸಿದ ನೋಟೀಸು ಅದು. ಅಕ್ಷರ ದುಂಡಗಿದೆ ಅಂತ ಸ್ವಲ್ಪ ಜಂಬವೂ ಇತ್ತು.

ಈಗ ಅದರ ಮುಂದೆ ನಿಂತಿದ್ದವನ ಎಡಗೈ ಬಾಗಿಲ ಹಿಡಿಯ ಮೇಲಿತ್ತು. ಬಲಗೈ ನನ್ನ ಕುತ್ತಿಗೆಯ ಮೇಲಿತ್ತು.

ಓದು ಬರಹ ಬಲ್ಲವನೇ. ಓದಿಯೂ ಹಿಡಿದಿದ್ದ!

"ಸುಮ್ನೆ ಬಿಟ್ಬಿಡಣ್ಣ," ಅಂದ. ದನಿಯಲ್ಲಿ ಕೋಪವಿರಲಿಲ್ಲ. "ಒಂದು ಬಾಗ್ಲು ತಾನೇ."

ನನಗೆ ಉಸಿರು ಸಿಗುತ್ತಿರಲಿಲ್ಲ. ಇಲ್ಲದಿದ್ದರೆ ಒಂದು ಖಡಕ್ ಉತ್ತರ ಕೊಡುತ್ತಿದ್ದೆ. ಅದರ ಬದಲು ಅವನ ಹೆಬ್ಬೆರಳು ಕಚ್ಚಿದೆ. ಸಿನಿಮಾದಲ್ಲಿ ಗುದ್ದುತ್ತಾರೆ, ಗೊತ್ತು. ಐವತ್ತೆರಡನೇ ವಯಸ್ಸಿನಲ್ಲಿ ಗುದ್ದಿದರೆ ನಮ್ಮ ಕೈಯೇ ಮುರಿಯುತ್ತದೆ. ಹಲ್ಲು ಮಾತ್ರ ಇನ್ನೂ ಗಟ್ಟಿ.

ಎರಡೂ ಕೈ ಬಿಟ್ಟು ಓಡಿದ.

ಸೋತು ಓಡಿದ ಅಂದುಕೊಂಡೆ...

ಅವನು ಓಡುತ್ತಿರಲಿ. ಅಷ್ಟರಲ್ಲಿ ನಿಮಗೆ ಬಾಗಿಲಿನ ವಿಷಯ ಹೇಳಿಬಿಡುತ್ತೇನೆ.

ಒಳಗೆ ಒಂದು ಚಿಪ್ಪು ಉರಿಯುತ್ತಿದೆ, ಕಂಪ್ಯೂಟರಿನೊಳಗೆ ಇರುತ್ತದಲ್ಲ ಅಂಥ ಚಿಪ್ಪು. ಸಾಸಿವೆ ಕಾಳಿನ ಅರ್ಧದಷ್ಟು. ಅದರ ಹೊಟ್ಟೆಯಿಂದ ಬರುವುದು ಲೇಸರ್. ನಾನು ಮೊದಲ ಸಲ ಕೇಳಿದಾಗ ಹೆಸರಲ್ಲೇ ಲೇಸಿದೆ, ಒಳ್ಳೆಯದೇ ಇರಬೇಕು ಅಂದುಕೊಂಡಿದ್ದೆ. ಹಾಗಲ್ಲ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಅದಕ್ಕೇ ಬಾಗಿಲಿಗೆ ಒಂದು ಸ್ವಿಚ್ಚು. ಬಾಗಿಲು ಒಂದು ಬೆರಳಿನಷ್ಟು ತೆರೆದುಕೊಂಡರೆ ಸಾಕು, ಬೆಳಕು ತನ್ನಷ್ಟಕ್ಕೆ ಆರಿಹೋಗುತ್ತದೆ. ಬಾಗಿಲ ಮೇಲಿನ ಗಂಟೆ ಲೆಕ್ಕದ ಡಬ್ಬಿ ಸೊನ್ನೆಗೆ ಬರುತ್ತದೆ.

ಪರೀಕ್ಷೆ ಅಂದರೆ ಇದೇ. ಚಿಪ್ಪು ಎರಡು ಸಾವಿರ ಗಂಟೆ, ಒಂದು ಕ್ಷಣವೂ ಆರದೆ, ಮಂಕಾಗದೆ ಉರಿಯಬೇಕು. ಎಂಬತ್ತಮೂರು ದಿನ, ಎಂಟು ಗಂಟೆ.

ಅದನ್ನು ಬೆಳೆಸಿದವರು ನನ್ನ ಅತ್ತಿಗೆ, ಈ ಸಂಶೋಧನಾ ಸಂಸ್ಥೆಯ ವಿಜ್ಞಾನಿ. ಹೌದು, ಬೆಳೆಸುವುದು ಅಂತಲೇ ಹೇಳುತ್ತಾರೆ. ಪಕ್ಕದ ಕೋಣೆಯಲ್ಲಿ ಒಂದು ಹಳೆಯ ಕುಲುಮೆಯಿದೆ, ಅದರೊಳಗೆ ಅನಿಲ ಬಿಟ್ಟು, ಪದರದ ಮೇಲೆ ಪದರ, ಕೂದಲೆಳೆಯ ಸಾವಿರದಲ್ಲೊಂದು ಪಾಲು ದಪ್ಪದ ಪದರ ಕೂರಿಸುತ್ತಾರೆ. ಯಾವ ಪದರ ಎಷ್ಟು ಹೊತ್ತು, ಎಷ್ಟು ಬಿಸಿ ಅನ್ನುವ ಪಟ್ಟಿ ನನ್ನ ಅಣ್ಣನ ಕೈಬರಹದಲ್ಲಿದೆ. ಅಣ್ಣ ಹೋಗಿ ನಾಲ್ಕು ವರ್ಷ. ಪಟ್ಟಿ ಇದ್ದರೆ ಸಾಲದು, ಆ ಕುಲುಮೆಯೇ ಬೇಕು. ಒಲೆ ಬದಲಾದರೆ ಅಡುಗೆ ಕೆಡುತ್ತದೆ ಅನ್ನುತ್ತಾರೆ ಅತ್ತಿಗೆ.

ಕುಲುಮೆಯ ಮೇಲೆ ಕಣ್ಣು ಬಿದ್ದಿದ್ದು ಫೋಕಸ್ ಸಾಹೇಬರದ್ದು. ವಿಭಾಗದ ಮುಖ್ಯಸ್ಥರು. ಪ್ರತಿ ವಾಕ್ಯದಲ್ಲೂ ಒಂದು ಸಲ ಫೋಕಸ್ ಅನ್ನುತ್ತಾರೆ, ಅದಕ್ಕೇ ಆ ಹೆಸರು. ಕುಲುಮೆ ಗುಜರಿಗೆ ಹೋಗಬೇಕು, ಎರಡೂ ಕೋಣೆ ಸೇರಿಸಿ ತಮ್ಮ ಹೊಸ ಲ್ಯಾಬು ಆಗಬೇಕು ಅನ್ನುವುದು ಅವರ ಫೋಕಸ್ಸು. ಮೇಲಿನ ಸಮಿತಿ ಒಂದು ಮಾತು ಹೇಳಿತ್ತು. ಚಿಪ್ಪು ಪಾಸಾದರೆ ಕುಲುಮೆ ಹತ್ತು ವರ್ಷ ಅಲ್ಲೇ ಇರುತ್ತದೆ. ಫೇಲಾದರೆ ಸೋಮವಾರವೇ ಬಿಚ್ಚಬಹುದು. ಅತ್ತಿಗೆಗೆ ರಿಟೈರ್ ಆಗಲು ಹತ್ತಿರ. ಇನ್ನೊಂದು ಪರೀಕ್ಷೆಗೆ ಟೈಮಿಲ್ಲ.

ಹಾಗಾಗಿ ನನ್ನನ್ನು ಕರೆದರು. ನಾನು ಪತ್ತೇದಾರ. ಓಡಿಹೋದ ಗಂಡಂದಿರನ್ನು ಹುಡುಕುವುದರಲ್ಲಿ ಹೆಸರು ಮಾಡಿದವನು. ಸಿಕ್ಕವರಲ್ಲಿ ಅರ್ಧಕ್ಕರ್ಧ ಮಂದಿ ಮತ್ತೆ ಓಡಿಹೋಗಿದ್ದಾರೆ, ಅದು ಬೇರೆ ವಿಷಯ.

"ನೀನು ಏನೂ ಕಂಡುಹಿಡೀಬೇಕಾಗಿಲ್ಲ ಕಣೋ," ಅಂದಿದ್ದರು ಅತ್ತಿಗೆ. "ಕಂಡುಹಿಡಿಯೋ ಕೆಲ್ಸ ನಿಮ್ಮಣ್ಣ ಮಾಡಿ ಹೋಗಿದಾರೆ. ನೀನು ಬಾಗ್ಲು ಕಾಯಿ."

ಕಾದೆ. ಇಪ್ಪತ್ತನೇ ದಿನ ಬೆಂಕಿ ತಪಾಸಣೆ ಅಂತ ಒಬ್ಬ ಬಂದ. ಬೆಂಕಿ ಎಲ್ಲಿ ಅಂತ ಕೇಳಿದೆ, ಹೋದ. ಮೂವತ್ತೆಂಟನೇ ದಿನ ಇನ್ನೊಬ್ಬ. ಅಳತೆ ವಿಭಾಗದಿಂದ ಬಂದಿದ್ದೇನೆ ಅಂತ ಮೊಹರು ಹಾಕಿದ ಕಾಗದ ತೋರಿಸಿದ. ಪೆಟ್ಟಿಗೆ ತೆಗೆಸಿದೆ. ಒಳಗೆ ಒಂದು ಸುತ್ತಿಗೆ! ವಿಚಾರಿಸಿದರೆ ಫ್ಯೂಸಿನ ಭಾವಮೈದುನ.

ಫ್ಯೂಸು ಅಂದರೆ ಈಗಷ್ಟೇ ನಾನು ಹೆಬ್ಬೆರಳು ಕಚ್ಚಿದವನು. ಕಟ್ಟಡದ ಕರೆಂಟು ನೋಡಿಕೊಳ್ಳುವವನು, ಸಾಹೇಬರ ಬಲಗೈ. ಆರಡಿ ಎತ್ತರ. ಬೇರೆಯವರ ಮನೆಯ ಫ್ಯೂಸು ಹಾಕಿ ಹಾಕಿ ತನ್ನದು ಎಂದೋ ಹಾರಿಹೋಗಿತ್ತು.

ಅವತ್ತು ಐವತ್ತೊಂಬತ್ತನೇ ದಿನ. ಡಬ್ಬಿಯಲ್ಲಿ ಸಾವಿರದ ನಾನೂರ ನಾಲ್ಕು. ಮಧ್ಯಾಹ್ನ ಮೂರು ಗಂಟೆ.

ಲೈಟು ಹೋಯಿತು.

ಕಾರಿಡಾರಿನ ಲೈಟು ಮಾತ್ರವಲ್ಲ, ಇಡೀ ಮಹಡಿಯದ್ದು. ಆಗ ಅರ್ಥವಾಯಿತು. ಅವನು ಓಡಿದ್ದು ಸೋತಲ್ಲ... ಕೆಳಗಿನ ಪ್ಯಾನೆಲ್ಲಿಗೆ!

ಚಿಪ್ಪಿಗೆ ಬ್ಯಾಟರಿ ಇತ್ತು. ಎಷ್ಟು ಹೊತ್ತು ಬರುತ್ತದೆ ಅಂತ ಪಕ್ಕದ ಕೋಣೆಯಿಂದ ಓಡಿಬಂದ ಅತ್ತಿಗೆಯನ್ನು ಕೇಳಿದೆ. ಹೊಸದಾಗಿದ್ದಾಗ ನಲವತ್ತು ನಿಮಿಷ ಬರುತ್ತಿತ್ತಂತೆ. ಈಗ? ಅವರು ಕೈಯಾಡಿಸಿ, ಓಡು ಅಂದರು.

ಓಡಿದೆ. ಮೆಟ್ಟಿಲು ಎರಡೆರಡು. ಕೆಳಗಿನ ಕಾರಿಡಾರಿನಲ್ಲಿ ಫ್ಯೂಸು ಎದುರಿಗೇ ಸಿಕ್ಕ. ಪ್ಯಾನೆಲ್ಲಿನಿಂದ ಕಿತ್ತ ಫ್ಯೂಸು ಅವನ ಮುಷ್ಟಿಯಲ್ಲಿತ್ತು. ನನ್ನನ್ನು ನೋಡಿದವನೇ ಗೋಡೆಗೆ ಒರಗಿಸಿಟ್ಟಿದ್ದ ನೈಟ್ರೋಜನ್ ಕ್ಯಾನಿಗೆ ಒದ್ದ. ಕಾಯಿಸಿ ಅಲ್ಲ, ತಣ್ಣಗಾಗಿಸಿ ನೀರು ಮಾಡಿದ ಗಾಳಿ ಅದು. ನೆಲದ ಮೇಲೆ ಚೆಲ್ಲಿತು. ಸೊಂಟದ ಮಟ್ಟಕ್ಕೆ ಬಿಳಿ ಮಂಜು!

ಕಾಲು ಕಾಣುವುದಿಲ್ಲ. ನೆಲ ಕಾಣುವುದಿಲ್ಲ. ಮಂಜಿನ ಮೇಲೆ ಅವನ ತಲೆ ಮಾತ್ರ ತೇಲಿಕೊಂಡು ಹೋಗುತ್ತಿತ್ತು.

ತಲೆಯನ್ನೇ ಬೆನ್ನಟ್ಟಿದೆ.

ಅಂಗಳ ದಾಟಿದ. ಸಿಲಿಂಡರ್ ಇಳಿಸುವ ಕಟ್ಟೆ ಹತ್ತಿದ. ನಾನೂ ಹತ್ತಿದೆ. ತಿರುಗಿ ಎದೆಗೆ ಒಂದು ಕೊಟ್ಟ. ಪಕ್ಕೆಲುಬು ಒಂದು ಲಟಕ್ಕೆಂದಿತು. ಬೀಳುವಾಗ ಅವನ ಬೆಲ್ಟು ಹಿಡಿದುಕೊಂಡೇ ಬಿದ್ದೆ. ಇಬ್ಬರೂ ಕಟ್ಟೆಯಿಂದ ಕೆಳಗೆ. ಅವನು ಕೆಳಗೆ, ನಾನು ಮೇಲೆ... ಜೀವನದಲ್ಲಿ ಅಪರೂಪಕ್ಕೆ ಸಿಕ್ಕ ಮೇಲುಗೈ.

ಫ್ಯೂಸಿನ ಕೈಯಿಂದ ಫ್ಯೂಸು ಕಿತ್ತುಕೊಂಡೆ. ಕುಂಟುತ್ತ ಹೋಗಿ ಪ್ಯಾನೆಲ್ಲಿಗೆ ಹಾಕಿದೆ. ಅಂಗಳಕ್ಕೆ ಬಂದರೆ ಮೇಲಿನಿಂದ ಅತ್ತಿಗೆ ಕಿಟಕಿಯಲ್ಲಿ ತಲೆ ಹಾಕಿ ಮೂರು ಬೆರಳು ತೋರಿಸಿದರು. ಮೂರು ನಿಮಿಷದ ಬ್ಯಾಟರಿ ಉಳಿದಿತ್ತು.

ಮಾರನೇ ದಿನ ಅತ್ತಿಗೆಯ ಕಣ್ಣಿನ ಆಪರೇಷನ್. ಪೊರೆ ಬಂದಿತ್ತು. ಮುಂದೂಡಿ ಮುಂದೂಡಿ ಡಾಕ್ಟರು ಬೈದಿದ್ದರು. ಹೊರಡುವಾಗ ಕೊರಳಿನಿಂದ ಒಂದು ಚಾವಿ ತೆಗೆದುಕೊಟ್ಟರು. ಆ ಚಾವಿ ತಿರುಗಿಸಿದರೆ ಬಾಗಿಲಿನ ಸ್ವಿಚ್ಚು ಸುಮ್ಮನಾಗುತ್ತದಂತೆ. ಆಮೇಲೆ ಬಾಗಿಲು ತೆರೆದರೂ ಬೆಳಕು ಆರುವುದಿಲ್ಲ.

"ಮೂರು ದಿನ ನಾನು ಕಣ್ಣು ಬಿಡೋ ಹಾಗಿಲ್ಲ," ಅಂದರು. "ಬಾಗಿಲಿನ ತೀರ್ಮಾನ ನಿಂದು."

ಆಟೋ ಬಂದು ಹಾರನ್ ಹೊಡೆಯುತ್ತಿತ್ತು. ಇನ್ನೇನೋ ಹೇಳಲು ಬಾಯಿ ತೆರೆದರು, ಕನ್ನಡಕ ಮರೆತಿದ್ದು ನೆನಪಾಗಿ ಒಳಗೆ ಓಡಿದರು. ಹೇಳಬೇಕಾದ್ದು ಅಲ್ಲೇ ಉಳಿಯಿತು.

ಹನ್ನೊಂದು ಗಂಟೆಗೆ ಒಬ್ಬ ಬಂದ.

ಸಣಕಲ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಸ್ಟೀಲಿನ ಪೆಟ್ಟಿಗೆ. ಅಳತೆ ವಿಭಾಗದಿಂದ ಬಂದಿದ್ದೇನೆ ಅಂತ ಮೊಹರು ಹಾಕಿದ ಕಾಗದ ತೋರಿಸಿದ.

ನನಗೆ ನಗು ಬಂತು. ನಕ್ಕರೆ ಪಕ್ಕೆ ನೋಯುತ್ತಿತ್ತು, ಆದರೂ ನಕ್ಕೆ. ಅದೇ ಕತೆಯನ್ನು ಎರಡನೇ ಸಲ ಹೇಳುವಷ್ಟು ದಡ್ಡರೇ ಇವರು?

ಪೆಟ್ಟಿಗೆ ತೆಗೆ ಅಂದೆ. ತೆಗೆದ. ಮಖಮಲ್ಲಿನ ಮೇಲೆ ನಾಣ್ಯದಗಲದ ಕಪ್ಪು ಬಿಲ್ಲೆ, ಅದಕ್ಕೊಂದು ತಂತಿ. ಸುತ್ತಿಗೆ ಇಲ್ಲ. ಅಂದರೆ ಇನ್ನೂ ಅಪಾಯದ ಸಾಮಾನು ಅಂತ ತೀರ್ಮಾನಿಸಿದೆ.

ಪಾಪ, ಅವನು ತಾಳ್ಮೆಯಿಂದ ವಿವರಿಸಿದ. ಒಳಗೆ ಚಿಪ್ಪಿನ ಬೆಳಕು ಬೀಳುವ ಮೀಟರ್ ಒಂದಿದೆಯಂತೆ, ಬೆಳಕಿನ ತಕ್ಕಡಿ ಇದ್ದ ಹಾಗೆ. ತಕ್ಕಡಿ ಸರಿಯಿದೆಯೇ ಅಂತ ವರ್ಷಕ್ಕೊಮ್ಮೆ ತನ್ನ ತಕ್ಕಡಿ ಇಟ್ಟು ನೋಡಿ ಚೀಟಿ ಅಂಟಿಸಬೇಕಂತೆ. ಹತ್ತು ನಿಮಿಷದ ಕೆಲಸ, ಚಾವಿ ತಿರುಗಿಸಿ ಒಳಗೆ ಬಿಟ್ಟರೆ ಬೆಳಕು ಆರಿಸುವುದೂ ಬೇಡವಂತೆ. ಬೇಕಿದ್ದರೆ ಆಫೀಸಿಗೆ ಫೋನ್ ಮಾಡಿ ವಿಚಾರಿಸಿ ಅಂತ ನಂಬರೂ ಹೇಳಿದ.

ಚಾವಿಯ ವಿಷಯ ಇವನಿಗೆ ಹೇಗೆ ಗೊತ್ತು? ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು. ಎಲ್ಲಾ ಲೇಸರ್ ಕೋಣೆಗೂ ಅಂಥ ಚಾವಿ ಇರುತ್ತದೆ ಅನ್ನುವುದು ಆಮೇಲೆ ಗೊತ್ತಾದ ವಿಷಯ.

ನಂಬರ್ ಒತ್ತಿದರೆ ಆ ಕಡೆಯಿಂದ ಫ್ಯೂಸಿನ ಇನ್ನೊಬ್ಬ ಭಾವಮೈದುನ ಮಾತಾಡುತ್ತಾನೆ ಅಂದೆ. ಕಾಗದ ಕಿತ್ತುಕೊಂಡು ನಾಲ್ಕು ತುಂಡು ಮಾಡಿದೆ. ಕಾಲರ್ ಹಿಡಿದು ಮೆಟ್ಟಿಲವರೆಗೆ ಕರೆದುಕೊಂಡು ಹೋದೆ.

ಅವನು ಎದುರು ಮಾತಾಡಲಿಲ್ಲ. ಕಾಲರ್ ಸರಿಮಾಡಿಕೊಂಡು ಚೀಲದಿಂದ ಒಂದು ಫಾರಂ ತೆಗೆದ.

"ಹಾಗಾದ್ರೆ ಇಲ್ಲೊಂದು ಸಹಿ ಹಾಕ್ಬಿಡಿ ಸರ್. ಬಂದಿದ್ದೆ, ಒಳಗೆ ಬಿಡ್ಲಿಲ್ಲ ಅಂತ."

ಹಾಕಿದೆ. ಕೆಳಗೆ ಎರಡು ಗೆರೆ ಎಳೆದು, ಚುಕ್ಕಿ ಇಟ್ಟು ಹಾಕಿದೆ!

ಸಂಜೆ ಆಸ್ಪತ್ರೆಗೆ ಹೋಗಿ, ಇನ್ನೊಬ್ಬನನ್ನು ಓಡಿಸಿದೆ ಅಂತ ಹೇಳಿದೆ. ಅತ್ತಿಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಒಳ್ಳೇದಾಯ್ತು ಅಂದರು. ಯಾರು ಅಂತ ಕೇಳಲಿಲ್ಲ. ನಾನು ಹೇಳಲಿಲ್ಲ.

ಆಮೇಲಿನ ಇಪ್ಪತ್ತಮೂರು ದಿನ ಯಾರೂ ಬರಲಿಲ್ಲ. ಫ್ಯೂಸು ಕಾರಿಡಾರಿನಲ್ಲಿ ಎದುರಾದರೆ ಗೋಡೆ ನೋಡುತ್ತಿದ್ದ. ಗೆದ್ದೆ ಅಂದುಕೊಂಡೆ. ಶತ್ರು ಸುಮ್ಮನಾದರೆ ಪತ್ತೇದಾರನಾದವನು ಹೆದರಬೇಕು. ನಾನು ಕುರ್ಚಿಗೆ ದಿಂಬು ತರಿಸಿಕೊಂಡೆ.

ಡಬ್ಬಿ ಎರಡು ಸಾವಿರ ತೋರಿಸಿದಾಗ ಬೆಳಗ್ಗೆ ಹತ್ತೂವರೆ. ಅತ್ತಿಗೆ ಹೊಸ ಕಣ್ಣಿನಲ್ಲಿ ಅದನ್ನೇ ನೋಡುತ್ತ ನಿಂತಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಗೆರೆ ಸ್ಕೇಲ್ ಇಟ್ಟು ಎಳೆದಂತಿತ್ತು. ನಿಮ್ಮಣ್ಣ ಇದ್ದಿದ್ದರೆ ಈಗಲೂ ಒಂದು ತಪ್ಪು ಹುಡುಕುತ್ತಿದ್ದರು ಅಂದರು.

ಹುಡುಕಲು ಬೇರೆಯವರಿದ್ದರು.

ಹನ್ನೊಂದಕ್ಕೆ ಸಮಿತಿ ಕೂತಿತು. ಅಧ್ಯಕ್ಷೆ, ಇನ್ನಿಬ್ಬರು, ಮೂಲೆಯಲ್ಲಿ ಫೋಕಸ್ ಸಾಹೇಬರು. ಅಧ್ಯಕ್ಷೆ ಒಳ್ಳೆಯ ಹೆಂಗಸು. ಗೆರೆ ನೋಡಿ ಕನ್ನಡಕ ತೆಗೆದು, ಇಷ್ಟು ಚೆನ್ನಾಗಿರುವುದನ್ನು ತಾನು ನೋಡಿಲ್ಲ ಅಂದರು. ಇಬ್ಬರೂ ತಲೆಯಾಡಿಸಿದರು. ನಾನು ಎದೆ ಸೆಟೆದು ನಿಂತೆ, ಪಕ್ಕೆ ನೋಯುತ್ತಿದ್ದರೂ.

ಆಮೇಲೆ ಅಧ್ಯಕ್ಷೆ ಫೈಲಿನ ಕೊನೆಯ ಹಾಳೆ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು.

ಬೆಳಕು ಅಳೆದ ಮೀಟರಿನ ಪ್ರಮಾಣಪತ್ರದ ಅವಧಿ ಅರವತ್ತನೇ ದಿನಕ್ಕೆ ಮುಗಿದಿದೆ, ಹೊಸದು ಎಲ್ಲಿ ಅಂತ ಕೇಳಿದರು.

ಅತ್ತಿಗೆ ನಿರಾಳವಾಗಿಯೇ ಇದ್ದರು. ಅಳತೆ ವಿಭಾಗಕ್ಕೆ ಮೂರು ತಿಂಗಳು ಮುಂಚೆಯೇ ಬರೆದಿದ್ದೆ, ನಾನು ಆಸ್ಪತ್ರೆಯಲ್ಲಿದ್ದಾಗ ಅವರ ಮನುಷ್ಯ ಬಂದು ನೋಡಿರಬೇಕು, ಚೀಟಿ ಮೀಟರಿನ ಮೇಲೇ ಇರುತ್ತದೆ ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಬಂದಿದ್ರಲ್ಲ?"

ನಾನು ಜೇಬಿನಲ್ಲಿದ್ದ ಚಾವಿ ತಡಕಿದೆ.

ಬಂದಿದ್ದರು ಅಂತ ಅಧ್ಯಕ್ಷೆಯೇ ಹೇಳಿದರು. ಫೈಲಿನಿಂದ ಒಂದು ಫಾರಂ ತೆಗೆದು ಮೇಜಿನ ಮೇಲೆ ಸರಿಸಿದರು. ಎರಡು ಗೆರೆ, ಚುಕ್ಕಿ.

ನಾನು ಏನೇನೋ ಹೇಳಿದೆ. ಸುತ್ತಿಗೆಯ ಕತೆ, ಭಾವಮೈದುನನ ಕತೆ, ಕಟ್ಟೆಯಿಂದ ಬಿದ್ದ ಕತೆ. ಈಗಲೇ ಮೀಟರ್ ತಾಳೆ ನೋಡಿ, ಸರಿಯಿದ್ದರೆ ಒಪ್ಪಿಕೊಳ್ಳಿ ಅಂದೆ. ಅಧ್ಯಕ್ಷೆ ನಿಜವಾಗಿಯೂ ನೊಂದುಕೊಂಡರು. ಆದರೆ ಇವತ್ತು ಸರಿಯಿರುವ ತಕ್ಕಡಿ ಮೊನ್ನೆ ಸರಿಯಿತ್ತು ಅಂತ ಯಾರು ಸಹಿ ಹಾಕುತ್ತಾರೆ? ನಿಯಮದ ಪ್ರಕಾರ ಲೆಕ್ಕಕ್ಕೆ ಸಿಗುವುದು ಸಾವಿರದ ನಾನೂರ ನಲವತ್ತು ಗಂಟೆ ಮಾತ್ರ. ಉಳಿದ ಐನೂರ ಅರವತ್ತು ಗಂಟೆ ಚಿಪ್ಪು ಉರಿದಿದೆ, ಆದರೆ ಉರಿದದ್ದಕ್ಕೆ ಸಾಕ್ಷಿ ಇಲ್ಲ. ಮತ್ತೆ ಮೊದಲಿನಿಂದ ಶುರುಮಾಡಬಹುದು ಅಂದರು.

ಅತ್ತಿಗೆಯ ಸರ್ವೀಸು ಹನ್ನೊಂದು ದಿನ ಉಳಿದಿತ್ತು.

ಅವರು ಫಾರಂ ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಆಪರೇಷನ್ ಆದಮೇಲೆ ಸಣ್ಣ ಅಕ್ಷರವೂ ಚೆನ್ನಾಗಿ ಕಾಣುತ್ತಿತ್ತಂತೆ.

"ತಪ್ಪು ನಂದೇ ಕಣೋ," ಅಂದರು. "ಅವತ್ತು ಹೇಳೋಣ ಅಂತಿದ್ದೆ. ಕನ್ನಡಕ ಹುಡುಕ್ತಾ ಮರ್ತೋಯ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎದ್ದು ಹೊರಗೆ ಹೋದರು. ನಾನು ಹಿಂದೆಯೇ ಹೋದೆ. ಚಾವಿ ನನ್ನ ಜೇಬಿನಲ್ಲೇ ಇತ್ತು, ಕೊಡಲು ಹೋದೆ. ಬೇಡ ಅಂದರು. ಹದಿನಾಲ್ಕನೇ ಕೋಣೆಯ ಬಾಗಿಲ ಹಿಡಿಯನ್ನು ತಾವೇ ತಿರುಗಿಸಿ, ಪೂರ್ತಿ ತೆರೆದರು. ಒಳಗೆ ಕಟ್ಟೆಂದು ಒಂದು ಸಣ್ಣ ಸದ್ದು. ಅಷ್ಟೇ. ಅಣ್ಣ ಎರಡನೇ ಸಲ ಹೋದ ಹಾಗಾಯಿತು. ಅತ್ತಿಗೆ ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತು ಕೈಬರಹದ ಪಟ್ಟಿ ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ಪಕ್ಕದ ಕೋಣೆಯಲ್ಲಿ ಆಗಲೇ ಫ್ಯೂಸು ಟೇಪು ಹಿಡಿದು ಕುಲುಮೆಯ ಅಗಲ ಅಳೆಯುತ್ತಿದ್ದ.

ಮೆಟ್ಟಿಲ ಹತ್ತಿರ ಫೋಕಸ್ ಸಾಹೇಬರು ಕಾಯುತ್ತಿದ್ದರು. ನನ್ನ ಕೈ ಹಿಡಿದು ಕುಲುಕಿದರು. ಮುಖದಲ್ಲಿ ಗೆದ್ದ ಗತ್ತೇನೂ ಇರಲಿಲ್ಲ, ನಿಜವಾದ ಗೌರವವಿತ್ತು.

"ನಮ್ಮ ಹುಡುಗ್ರು ಅರವತ್ತು ದಿನ ಒದ್ದಾಡಿದ್ರು, ಆಗ್ಲಿಲ್ಲ," ಅಂದರು ಮೆಲ್ಲಗೆ. "ನೀವು ಒಂದೇ ಸಹೀಲಿ ಮುಗಿಸಿಬಿಟ್ರಿ."

ಹೊಡೆಯಲು ಕೈ ಎತ್ತಿದೆ. ಆದರೆ ಎಷ್ಟು ಹುಡುಕಿದರೂ ಆ ಮನುಷ್ಯನ ಮಾತಿನಲ್ಲಿ ಒಂದು ತಪ್ಪೂ ಸಿಗಲಿಲ್ಲ.