ಎಂಬತ್ತನೆಯ ಸಿಪಾಯಿಯ ಕಣ್ಣು

ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಸನ್ ೧೯೩೭ನೇ ಇಸವಿ ಜುಲೈ ನಾಲ್ಕನೆಯ ತಾರೀಖು, ರವಿವಾರ, ಮಧ್ಯಾಹ್ನ ನಾಲ್ಕು ಗಂಟೆಗೆ ಸರಿಯಾಗಿ ರೋಮ್ ಸಾಮ್ರಾಜ್ಯವು ಹುಕ್ಕೇರಿಯ ಮೇಲೆ ದಂಡೆತ್ತಿ ಹೋಗಲಿದೆ. ದಂಡಿನ ಬಲ ಎಂಬತ್ತು. ಪ್ರತಿ ಸಿಪಾಯಿಯ ಎತ್ತರ ಮೂರು ಬೆರಳು. ರಣರಂಗ: ಹುಕ್ಕೇರಿ ಸಾಲೆಯ ದೊಡ್ಡ ಮೇಜು. ಮಳೆ ಬಂದರೂ ಯುದ್ಧ ನಿಲ್ಲದು. ಚಹಾ ಬಂದರೆ ಮಾತ್ರ ನಿಲ್ಲುವುದು.

ಗೋಕಾಕ ಫಾಲ್ಸಿನ ಸಾಲೆಯ ಬಾಗಿಲಿಗೆ ಈ ಪ್ರಕಟಣೆ ಅಂಟಿಸಿದವನು ಮುರಿಗೆಪ್ಪ ಮಾಸ್ತರ. ಆ ಊರಿಗೆ ಬಂದು ಆರು ತಿಂಗಳಾಗಿತ್ತು. ಧಾರವಾಡದ ಕಾಲೇಜಿನಲ್ಲಿ ಓದುವಾಗ ಒಬ್ಬ ಬಿಳಿ ಪ್ರಾಧ್ಯಾಪಕರು ಮೇಜಿನ ಮೇಲೆ ಸೀಸದ ಸಿಪಾಯಿಗಳನ್ನಿಟ್ಟು ಯುದ್ಧ ಆಡುವುದನ್ನು ಕಲಿಸಿದ್ದರು. ಆ ಹುಚ್ಚು ಇಬ್ಬರಿಗೆ ಹತ್ತಿತು. ಒಬ್ಬ ಮುರಿಗೆಪ್ಪ, ರೋಮಿನ ಕಡೆ. ಇನ್ನೊಬ್ಬ ಅಪ್ಪಣ್ಣ, ಈಗ ಹುಕ್ಕೇರಿಯಲ್ಲಿ ಮಾಸ್ತರ, ರೋಮಿನ ಹಗೆಯಾದ ಕಾರ್ಥೇಜಿನ ಕಡೆ. ಪ್ರಾಧ್ಯಾಪಕರು ತಮ್ಮ ದೇಶಕ್ಕೆ ಮರಳಿದರು. ಇವರಿಬ್ಬರ ಹಗೆ ಮಾತ್ರ ಇಲ್ಲಿಯೇ ಉಳಿಯಿತು. ಈ ಸಲ ಸೋತವನು ತನ್ನ ಇಡೀ ದಂಡನ್ನು ಗೆದ್ದವನಿಗೆ ಒಪ್ಪಿಸಬೇಕೆಂಬ ಕರಾರು ಆಗಿತ್ತು.

ಆಟದ ಇಪ್ಪತ್ತು ನಿಯಮಗಳನ್ನೂ ಬರೆದವನು ಮುರಿಗೆಪ್ಪನೇ. ಅದರಲ್ಲಿ ಐದನೆಯದು: ಬಣ್ಣ ಮುಗಿಯದ ಸಿಪಾಯಿ ಮೇಜು ಹತ್ತಕೂಡದು, ಒಬ್ಬನು ಅಪೂರ್ಣನಾದರೂ ಇಡೀ ದಂಡು ಅಪೂರ್ಣ.

ಅದಕ್ಕೇ ಬುಧವಾರ ತನ್ನ ಹೊಸ ದಂಡನ್ನು ಮಾಡುತ್ತಿದ್ದ ಗೋಕಾಕದ ಗೊಂಬೆಗಾರ ಮಾಯಪ್ಪನ ಮನೆಯಲ್ಲಿ ಅವನು ಸಿಡಿಮಿಡಿಗೊಂಡು ನಿಂತದ್ದು. ಪಡಸಾಲೆಯ ತುಂಬ ಹುಣಸೆಬೀಜದ ಅಂಟಿನ ಹುಳಿ ವಾಸನೆ, ತೊಯ್ದ ಕಟ್ಟಿಗೆ ಪುಡಿಯ ವಾಸನೆ. ಹಲಗೆಯ ಮೇಲೆ ಎಂಬತ್ತು ಸಿಪಾಯಿಗಳು: ಕೆಂಪು ಅಂಗಿ, ಚೌಕದ ಢಾಲು, ಹಿತ್ತಾಳೆಯ ಮುಳ್ಳಿನಂಥ ಈಟಿ. ಮುಖವಿತ್ತು, ಮೂಗಿತ್ತು. ಕಣ್ಣಿನ ಜಾಗ ಮಾತ್ರ ಬೋಳು.

"ಮಾಸ್ತರ, ಗಂಡಸರಾಗಿ ಲಂಗಾ ಉಟ್ಟಾರಲ್ರಿ, ಯಾವ ಊರವ್ರು ಇವ್ರು?" ಎಂದ ಮಾಯಪ್ಪ.

"ರೋಮದವರು."

"ಮೈಮ್ಯಾಲ ಒಂದ ರೋಮಾನೂ ಕಾಣವಲ್ದು."

"ಚೇಷ್ಟೆ ಸಾಕು. ಕಣ್ಣೆಲ್ಲಿ?"

ಮಾಯಪ್ಪನ ನಗು ಅಲ್ಲಿಗೇ ನಿಂತಿತು. ಒಳಗೆ ತಿರುಗಿ ನೋಡಿದ. ಆ ಮನೆಯಲ್ಲಿ ಗೊಂಬೆಗೆ ಕಣ್ಣು ಬರೆಯುವವಳು ಅವನ ತಾಯಿ ಮುದಕವ್ವ. ಗೋಡೆಗೆ ಆತು ಕೂತಿದ್ದ ಮುದುಕಿ ಎದ್ದು ಬರಲಿಲ್ಲ, ಕೂತಲ್ಲಿಂದಲೇ ಅಂದಳು.

"ನಾ ಬರಿಯಂಗಿಲ್ರಿ, ಮಾಸ್ತರ."

"ಯಾಕ?"

"ಕಣ್ಣ ತೆರದ ಕೂಡ್ಲೆ ಗೊಂಬಿ ಮೊದಲ ಏನ ನೋಡತೈತಿ, ಅದಕ್ಕ ಗಂಟ ಬೀಳತೈತಿ. ಅದಕ್ಕ ಆಕಳ ಮುಂದ ಕರಾ ಇಟ್ಟ ಬರೀತೇನಿ. ಮದುಮಗಳ ಮುಂದ ಮದುಮಗನ್ನ ಇಟ್ಟ ಬರೀತೇನಿ. ಸಿಪಾಯಿ ಮುಂದ ಏನ ಇಡ್ಲಿ? ಅವಕ್ಕ ಗೊತ್ತಿದ್ದದ್ದು ಒಂದ ಕೆಲಸ. ವೈರಿ ದಂಡ ತರ್ರಿ, ಎದರಾಬದರ ಇಟ್ಟ ಎರಡಕ್ಕೂ ಬರದ ಕೊಡತೇನಿ. ಒಂದ ದಂಡಿಗೆ ಬರಿಯಾಂಗಿಲ್ಲ."

ಮುರಿಗೆಪ್ಪ ನಕ್ಕ. "ಆಯಿ, ಇವಕ್ಕ ಕಣ್ಣ ನಾನ ಬರೀತೇನಿ. ನಿನಗೂ ಒಂದು ಚಾಳೀಸು ಕೊಡಸ್ತೇನಿ, ಜಗತ್ತು ಎಷ್ಟು ಮುಂದ ಹೋಗೇತಿ ಅಂತ ಕಾಣತೈತಿ."

"ಬರದ ಕಣ್ಣ ಅಳಸಾಕ ಬರೂದಿಲ್ಲ, ತಮ್ಮಾ."

ಮುದುಕಿಯ ಮೊಣಕಾಲ ಬಾಜೂಕ್ಕೆ ಒಂದು ಕರಟವಿತ್ತು. ಅದರಲ್ಲಿ ಕಣ್ಣು ಬರೆಯುವ ಕಪ್ಪು, ಕಾಡಿಗೆ. ಮೂರು ತಲೆಮಾರಿನಿಂದ ಆರದ ದೀಪದ ಮಸಿ ಅದೆಂದು ಜನ ಹೇಳುತ್ತಿದ್ದರು. ಪೇಟೆಯ ಕಪ್ಪು ಇಷ್ಟು ಸಣ್ಣ ಮುಖದಲ್ಲಿ ಹರಡಿ ಕಣ್ಣನ್ನು ಗಾಯ ಮಾಡುತ್ತದೆಂದು ಮುರಿಗೆಪ್ಪನಿಗೆ ಗೊತ್ತಿತ್ತು. ಮಾಯಪ್ಪ ಸಿಪಾಯಿಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವಾಗ, ವಿದ್ಯಾವಂತ ಮಾಸ್ತರನ ಕೈ ಆ ಕರಟವನ್ನು ಕೋಟಿನ ಕಿಸೆಗೆ ದಾಟಿಸಿತು.

ಗುರುವಾರ ಮಧ್ಯಾಹ್ನ ಮಳೆಗಾಳಿ ಹೊಡೆಯುತ್ತಿತ್ತು. ಕಿಡಕಿ ಮುಚ್ಚಿದ್ದರಿಂದ ಕೋಣೆಯಲ್ಲಿ ಹಗಲೇ ಕತ್ತಲೆ. ದೂರದಲ್ಲಿ ಜಲಪಾತ ಗೊರಕೆ ಹೊಡೆದಂತೆ ಒಂದೇ ಸಮ ಮೊರೆಯುತ್ತಿತ್ತು. ಕರಟದ ಮುಚ್ಚಳ ತೆಗೆದರೆ ಕೂದಲು ಸುಟ್ಟ ವಾಸನೆ. ಅಳಿಲ ಬಾಲದ ಕುಂಚ ಅದ್ದಿ, ಬಲಗಣ್ಣಿಗೆ ಭೂತಗನ್ನಡಿ ಒತ್ತಿ ಹಿಡಿದು, ಎಡಗಣ್ಣು ಮುಚ್ಚಿ, ಮುರಿಗೆಪ್ಪ ಮೊದಲನೆಯ ಸಿಪಾಯಿಯ ಮೇಲೆ ಬಾಗಿದ. ಬಣ್ಣ ಹಚ್ಚುವಾಗ ನಿಯಮಗಳನ್ನು ಗಟ್ಟಿಯಾಗಿ ಒಪ್ಪಿಸುವುದು ಅವನ ರೂಢಿ. "ನಿಯಮ ಎಂಟು. ಸೀಟಿ ಕೇಳಿದಾಗಲೆಲ್ಲ ಪ್ರತಿ ಸಿಪಾಯಿ ವೈರಿಯ ಕಡೆಗೆ ಒಂದು ಗೇಣು ನಡೆಯತಕ್ಕದ್ದು."

ಕೋಣೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಒಬ್ಬೊಬ್ಬರಾಗಿ ಹುಟ್ಟುತ್ತಿದ್ದರು.

ಎಪ್ಪತ್ತೊಂಬತ್ತು ಮುಗಿಯಿತು. ಎಂಬತ್ತನೆಯವನನ್ನು ಕೈಗೆತ್ತಿಕೊಂಡ. ಅಷ್ಟರಲ್ಲಿ ಊರಿನ ನೂಲಿನ ಗಿರಣಿಯ ಭೋಂಗಾ, ಪಾಳಿ ಬದಲಿಸುವ ಉಗಿಸೀಟಿ, ಕೂಗಿತು.

ಟಕ್.

ಎಂಬತ್ತು ಅಲ್ಲ, ಎಂಟು ಅಲ್ಲ, ಒಂದೇ ಸಪ್ಪಳ. ಕವಾಯತಿನಲ್ಲಿ ಎಲ್ಲ ಕಾಲು ಒಟ್ಟಿಗೆ ನೆಲಕ್ಕೆ ಬಿದ್ದಂತೆ. ತಲೆ ಎತ್ತಿದ. ಮೇಜಿನ ಆ ಕಡೆ ಇದ್ದ ಸಾಲು ಒಂದು ಗೇಣು ಈ ಕಡೆ ಬಂದಿತ್ತು. ಮೇಜಿನ ಮೇಲಿಟ್ಟಿದ್ದ ಅವನ ಎಡಗೈ ಬೆರಳಿಗೆ ಏನೋ ಚುಚ್ಚಿತು. ಒಂದು ಹನಿ ರಕ್ತ. ಮುಂದಿನ ಸಾಲಿನವನ ಈಟಿಯ ತುದಿಯಲ್ಲಿ ಅದೇ ಕೆಂಪು.

ಕೈಯಲ್ಲಿದ್ದ ಎಂಬತ್ತನೆಯವನು ನೆಲಕ್ಕೆ ಬಿದ್ದ. ಕರಟ ಉರುಳಿ ಕಪ್ಪೆಲ್ಲ ಹಾಸುಗಲ್ಲಿನ ಸಂದಿಗೆ ಇಳಿಯಿತು.

"ಮೇಜು ಇಳಿಜಾರು ಐತಿ," ಎಂದ ಮುರಿಗೆಪ್ಪ. ತನಗೆ ತಾನೇ. ಎರಡು ಸಲ.

ಸಂಜೆಯ ಭೋಂಗಾಕ್ಕೆ ಅವು ಮೇಜಿನ ಅಂಚಿಗೆ ಬಂದವು. ಮರುದಿನ ಬೆಳಗಿನ ಭೋಂಗಾಕ್ಕೆ, ಮೇಜಿಗೆ ಹತ್ತಿಯೇ ಇದ್ದ ಹಾಸಿಗೆಯಲ್ಲಿ, ಎದೆಯ ಮೇಲೆ ಮುಳ್ಳು ಕುಟ್ಟಿದಂತಾಗಿ ಎಚ್ಚರವಾಯಿತು. ಹೊದಿಕೆಯ ಮೇಲೆ ಸಾಲಾಗಿ ನಿಂತಿದ್ದವು. ಎದೆಯ ಮೇಲೆ ಸಣ್ಣ ಸಣ್ಣ ಗಾಯ, ರವೆಯಷ್ಟು. ಗಾಯಗಳ ಸಾಲು ಮೇಲಕ್ಕೆ ಹೊರಟಿತ್ತು. ಕುತ್ತಿಗೆಯ ಕಡೆಗೆ. ಮುಖದ ಕಡೆಗೆ.

ಐದನ್ನು ಮುಷ್ಟಿಯಲ್ಲಿ ಹಿಡಿದು ಓಡಿದ. ಜಲಪಾತದ ಬಾಯಿಗೆ ಎಸೆದ. ಕಂದು ನೀರು ಅವನ್ನು ನುಂಗಿದ್ದನ್ನು ಕಣ್ಣಾರೆ ಕಂಡ. ಮಧ್ಯಾಹ್ನದ ಭೋಂಗಾ ಆದ ಮೇಲೆ ಕೋಣೆಗೆ ಬಂದರೆ ಎಪ್ಪತ್ತೊಂಬತ್ತೂ ಇದ್ದವು. ಐದು ಮಾತ್ರ ತೊಯ್ದಿದ್ದವು, ಹಾವಸೆಯ ವಾಸನೆ ಬರುತ್ತಿತ್ತು. ಎಲ್ಲವನ್ನೂ ಬಾಚಿ, ನೆಲಕ್ಕೆ ಬಿದ್ದವನನ್ನೂ ಸೇರಿಸಿ ಪೆಟ್ಟಿಗೆಗೆ ತುಂಬಿ ಮೊಳೆ ಹೊಡೆದ. ಸಂಜೆಯ ಭೋಂಗಾಕ್ಕೆ ಒಳಗಿನಿಂದ ಕಟ್ಟಿಗೆ ಕುಟ್ಟುವ ಸಪ್ಪಳ ಬಂತು. ಶನಿವಾರ ಬೆಳಿಗ್ಗೆ ನೋಡಿದರೆ ಹಲಗೆಯ ಹೊರಮೈಯಲ್ಲಿ ಸೂಜಿಯಷ್ಟು ಬೆಳಕು ಹಾಯುವ ಒಂದು ತೂತು.

ಮುದಕವ್ವ ಅವನನ್ನು ಒಳಗೆ ಕರೆಯಲಿಲ್ಲ. ಹೊಸ್ತಿಲ ಆಚೆಯೇ ನಿಲ್ಲಿಸಿದಳು.

"ಕಾಡಗಿ ಕದ್ದಿ."

"ತಪ್ಪಾತು, ಆಯಿ."

"ಬರಿಯುವಾಗ ಅವು ಏನ ನೋಡಿದ್ವು?"

"ನನ್ನ ಮುಖ."

"ಹೆಂಗ ಬರದಿ, ಮಾಡಿ ತೋರ್ಸು."

ಮುರಿಗೆಪ್ಪ ಭೂತಗನ್ನಡಿ ಹಿಡಿದವನಂತೆ ಬಲಗಣ್ಣಿಗೆ ಕೈ ಒತ್ತಿ, ಎಡಗಣ್ಣು ಮುಚ್ಚಿ ಬಾಗಿದ. ಬಾಗಿದವನು ಹಾಗೇ ನಿಂತುಬಿಟ್ಟ. ಭೂತಗನ್ನಡಿಯ ಆ ಕಡೆಯಿಂದ ನೋಡಿದ್ದರೆ ಏನು ಕಾಣುತ್ತಿತ್ತೆಂದು ಈಗ ಹೊಳೆಯಿತು. ಮುಖವಲ್ಲ. ಗೋಡೆಯಷ್ಟು ದೊಡ್ಡ ಒಂದು ಕಣ್ಣು.

"ಅದನ್ನ ತಗೊಂಡ ಹೊರತು ಬಿಡೂದಿಲ್ಲ," ಎಂದಳು ಮುದುಕಿ. ದನಿಯಲ್ಲಿ ಕನಿಕರ ಇರಲಿಲ್ಲ. "ಒಂದ ದಾರಿ ಐತಿ. ಕಣ್ಣಿದ್ದ ವೈರಿ ದಂಡು ಎಲ್ಲರೆ ಇದ್ರ ಎದರಾಬದರ ಇಡು. ಸಿಪಾಯಿಗೆ ಸಿಪಾಯಿ ಕಂಡ್ರ ನಿನ್ನ ಬಿಡತಾವು."

ಅಪ್ಪಣ್ಣನ ಕಾರ್ಥೇಜು! ಹುಕ್ಕೇರಿಯ ಕುಂಬಾರ ಮಾಡಿಕೊಟ್ಟ ಮಣ್ಣಿನ ಸಿಪಾಯಿಗಳು, ಆನೆಗಳು. ಆನೆಗೂ ಕಣ್ಣು ಬರೆದು ಹುಬ್ಬು ತೀಡಿದ್ದ ಅಪ್ಪಣ್ಣ. ಮುರಿಗೆಪ್ಪನಿಗೆ ಜೀವ ಬಂತು. ಸೋಲೊಪ್ಪಿದವನ ಮೇಲೆ ಕೈ ಮಾಡಕೂಡದು, ಯುದ್ಧ ಅಲ್ಲಿಗೇ ಮುಗಿಯಿತು ಎಂಬ ಇಪ್ಪತ್ತನೆಯ ನಿಯಮವೂ ಇತ್ತು. ಆದರೆ ಅದರ ನೆನಪು ಅವನಿಗೆ ಬರಲಿಲ್ಲ. ಆ ನಿಯಮವನ್ನು ಅವನು ಬರೆದದ್ದು ಅಪ್ಪಣ್ಣನ ಅನುಕೂಲಕ್ಕಾಗಿ.

ರವಿವಾರ ಹುಕ್ಕೇರಿಯ ಮೋಟರು ಹತ್ತಿದ. ತೊಡೆಯ ಮೇಲೆ ಪೆಟ್ಟಿಗೆ. ಪ್ರತಿ ಊರಿಗೂ ಕಂಡಕ್ಟರು ಸೀಟಿ ಹೊಡೆದ. ಪ್ರತಿ ಸೀಟಿಗೂ ಪೆಟ್ಟಿಗೆಯೊಳಗೆ ಟಕ್ ಎಂದಿತು.

"ಏನೈತ್ರಿ ಪೆಟಗ್ಯಾಗ, ಕೋಳಿ ಏನು?" ಎಂದು ಪಕ್ಕದವನು ಕೇಳಿದ.

"ರೋಮ್," ಎಂದ ಮುರಿಗೆಪ್ಪ. ಪಕ್ಕದವನು ಎದ್ದು ಹಿಂದಿನ ಸೀಟಿಗೆ ಹೋದ.

ಸಾಲೆಯಲ್ಲಿ ಅಪ್ಪಣ್ಣ ಒಬ್ಬನೇ ಕಾಯುತ್ತಿದ್ದ. ಕಿಸೆಯಲ್ಲಿ ಗಡಿಯಾರ, ಕೊರಳಲ್ಲಿ ಸೀಟಿ. ಕಾರ್ಥೇಜಿನ ಪೆಟ್ಟಿಗೆಯನ್ನು ಕುರ್ಚಿ ಮಾಡಿಕೊಂಡು ಅದರ ಮೇಲೇ ಕೂತಿದ್ದ. ಹೊರಗೆ ಮೋಡ ಕವಿದು ಕೋಣೆಯ ತುಂಬ ತೊಯ್ದ ಸುಣ್ಣದ ವಾಸನೆ.

"ಬಾರಲೇ ಮುರಿಗ್ಯಾ. ಮುಖ ಯಾಕ ಸುಟ್ಟ ಬದನಿಕಾಯಿ ಆಗೇತಿ? ಸೋಲೂ ಹೆದರಿಕಿ ಏನು?"

"ನಿನ್ನ ಪೆಟಗಿ ತೆಗಿ, ಅಪ್ಪಣ್ಣ. ಮೊದಲ ತೆಗಿ."

"ತಪಾಸಣಿ ಆಗೂ ಮಟ ಎದುರಾಳಿ ಪೆಟಗಿ ತೆಗಿಯಾಂಗಿಲ್ಲ. ನಿಯಮ ಮೂರು. ನೀನ ಬರದಿ."

ವಾದಕ್ಕೆ ಹೊತ್ತಿರಲಿಲ್ಲ. ಮುರಿಗೆಪ್ಪ ಪೆಟ್ಟಿಗೆಯ ಮೊಳೆ ಕಿತ್ತು ಸಿಪಾಯಿಗಳನ್ನು ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದ. ಅಪ್ಪಣ್ಣ ಭೂತಗನ್ನಡಿ ಹಿಡಿದು ಒಬ್ಬೊಬ್ಬರನ್ನೇ ನೋಡುತ್ತ ಬಂದ. ಒಂದು. ಇಪ್ಪತ್ತು. ಅರವತ್ತು. ಕೊನೆಯವನ ಮುಂದೆ ನಿಂತ. ಅವನ ತುಟಿ ಕಿವಿಯತನಕ ಹರಿಯಿತು.

"ಇವಂಗ ಕಣ್ಣಿಲ್ಲ."

ಗುರುವಾರ ಮುರಿಗೆಪ್ಪನ ಕೈಯಿಂದ ನೆಲಕ್ಕೆ ಬಿದ್ದವನೇ ಅವನು.

"ಒಬ್ಬ ಅಪೂರ್ಣ ಆದ್ರ ಇಡೀ ದಂಡು ಅಪೂರ್ಣ. ನಿಯಮ ಐದು. ನಾಲ್ಕಕ್ಕ ಇನ್ನ ಎರಡ ಮಿನೀಟ ಐತಿ."

"ಈಗ ಬರೀತೇನಿ! ಶಾಯಿ ಕೊಡು!"

ಸಾಲೆಯ ದೌತಿಗೆ ಕಡ್ಡಿ ಅದ್ದಿ, ಭೂತಗನ್ನಡಿ ಕಸಿದುಕೊಂಡು, ಮುರಿಗೆಪ್ಪ ಬೆಂಚಿಗೆ ಬಾಗಿದ. ಎರಡು ಚುಕ್ಕೆ. ಆಯಿತು!

ಅಪ್ಪಣ್ಣ ಬೆರಳು ತಾಗಿಸಿ ನೋಡಿದ. ಬೆರಳು ಕಪ್ಪಾಯಿತು. "ಹಸಿ ಬಣ್ಣ ಬಣ್ಣವಲ್ಲ. ನಿಯಮ ಹದಿನಾಲ್ಕು. ಹೋದ ವರ್ಷ ನನ್ನ ಆನಿ ಇನ್ನೂ ಹಸಿ ಅದಾವಂತ ನೀನ ಬರದಿದ್ದಿ. ನೆನಪೈತಿ?"

"ಒಂದ ನಿಮಿಷ ಪೆಟಗಿ ತೆಗಿಯೋ, ಅಪ್ಪಣ್ಣ. ನಿನ್ನ ಕಾಲ ಬೀಳತೇನಿ. ಆಟ ಬ್ಯಾಡ. ನಿನ್ನ ಗೊಂಬಿ ಇವಕ್ಕ ಕಂಡ್ರ ಸಾಕು."

"ಇದೇನೋ ಮೋಸ ಐತಿ." ಅಪ್ಪಣ್ಣ ಹೋಗಿ ಪೆಟ್ಟಿಗೆಯ ಮೇಲೆ ಗಟ್ಟಿಯಾಗಿ ಕೂತ. "ತೆಗಿಯಾಂಗಿಲ್ಲ."

ಮುರಿಗೆಪ್ಪ ಮತ್ತೆ ಬಾಗಿದ. ಮಳೆಗಾಲದ ಗಾಳಿ. ಶಾಯಿ ಆರದು. ಎಂಬತ್ತನೆಯವನ ಮುಖಕ್ಕೆ ಬಾಯಿ ತಂದು ಊದಿದ. ಊದಿದ. ಎಪ್ಪತ್ತೊಂಬತ್ತು ಜೊತೆ ಕಣ್ಣು ಸಾಲಾಗಿ ಅವನ ಬಲಗಣ್ಣನ್ನು ನೋಡುತ್ತಿದ್ದವು. ನಡುವೆ ಒಂದು ಗೇಣು. ಒಂದು ಗೇಣೂ ಪೂರ್ತಿ ಇರಲಿಲ್ಲ.

ಅಪ್ಪಣ್ಣ ಗಡಿಯಾರ ನೋಡಿದ. "ನಾಲ್ಕು ಹೊಡೀತು. ದಂಡು ಅಪೂರ್ಣ, ಆಟ ರದ್ದು!"

"ಸೀಟಿ ಬ್ಯಾ—"

ಸೀಟಿ ಕೂಗಿತು.

ಟಕ್.

ಆ ಕಿರುಚು ಮುರಿಗೆಪ್ಪನದೆಂದು ಅಪ್ಪಣ್ಣನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬಲಗಣ್ಣು ಮುಚ್ಚಿದ ಬೆರಳ ಸಂದಿಯಿಂದ ಕೆಂಪು ಇಳಿದು ಅಂಗಿಯ ತೋಳಿಗೆ ಹರಿಯುತ್ತಿತ್ತು. ಬೆಂಚಿನ ಮೇಲೆ ಎಂಬತ್ತೂ ಸಿಪಾಯಿಗಳು ಅಂಚಿಗೆ ಬಂದು ನಿಂತಿದ್ದರು. ಎಂಬತ್ತನೆಯವನೂ ಬಂದಿದ್ದ. ಅವನ ಈಟಿ ಮಾತ್ರ ಒಣಗಿತ್ತು. ಅವನಿಗೆ ಕಣ್ಣು ಬರೆಯುವಾಗ ಅವಸರದಲ್ಲಿ ಭೂತಗನ್ನಡಿ ಎಡಗಣ್ಣಿಗೆ ಹೋಗಿತ್ತು. ಅವನು ಮುರಿಗೆಪ್ಪನ ಎಡಗಣ್ಣನ್ನು ನೋಡುತ್ತಿದ್ದ.

"ಸೋತೆ!" ಎಂದು ಕೂಗಿದ ಮುರಿಗೆಪ್ಪ. ಹುಟ್ಟಿದಾಗಿನಿಂದ ಆಡದ ಮಾತು. "ನಾ ಸೋತೆ ಅಂತ ಬರಿ, ಅಪ್ಪಣ್ಣ! ನಿಯಮ ಇಪ್ಪತ್ತು! ಸೋತವನ ಮ್ಯಾಲ ಕೈ ಮಾಡಾಂಗಿಲ್ಲ! ಲಗೂ ಬರಿಯೋ!"

ಅಪ್ಪಣ್ಣ ನಿಯಮದ ವಹಿ ತೆರೆದ. ಇಪ್ಪತ್ತನೆಯ ನಿಯಮದ ಮೇಲೆ ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ. ಅವನ ದನಿಯಲ್ಲಿ ಹಗೆ ಉಳಿದಿರಲಿಲ್ಲ.

"ಸೋಲಾಕ ಆಟ ಸುರು ಆಗಿರಬೇಕಂತೋ, ಮುರಿಗೆಪ್ಪ... ರದ್ದಾದ ಆಟದಾಗ ಯಾರೂ ಸೋಲಾಂಗಿಲ್ಲ. ನೀನ ಬರದಿ."

ಕೊರಳಿನ ಸೀಟಿಯನ್ನು ಕಿತ್ತು ದೂರ ಎಸೆದ.

ಹೊರಗೆ, ಮಳೆ ಬರುವ ಮುಂಚೆ ಊರು ಸೇರುವ ಅವಸರದಲ್ಲಿ, ಗೋಕಾಕಕ್ಕೆ ಹೊರಟ ಮೋಟರಿನ ಕಂಡಕ್ಟರು ಸೀಟಿ ಹೊಡೆದ.