ಹತ್ತು ನಿಮಿಷದ ಭಾನುವಾರ

"ಇದೇನಮ್ಮಾ ಇದು?"

ನರ್ಸಮ್ಮನ ಬೆರಳು ಕೋಟಿನ ಅಂಚಿನ ಮೇಲೆ ನಿಂತುಬಿಟ್ಟಿತು. ಮೇಜಿನ ತುಂಬ, ಚಿಕಿತ್ಸೆಗೆಂದು ಬಂದ ಅವಳ ಬಟ್ಟೆಗಳು ಹರಡಿದ್ದವು. ಪಕ್ಕದಲ್ಲೇ ಅವಳ ಗಂಡ ನಿಂತಿದ್ದ.

ಕತ್ತರಿ ಹೊಲಿಗೆ ಬಿಚ್ಚಿತು. ಒಂದು... ಎರಡು... ಒಂಬತ್ತು ಮಾತ್ರೆಗಳು!

ಹೊಲಿಗೆ ಅವಳದೇ. ದರ್ಜಿಯಾದ ಅವಳಿಗೆ ದಾರ ಕಾಣದಂತೆ ಹೊಲಿಯುವುದು ನೀರು ಕುಡಿದಷ್ಟು ಸುಲಭ. ಬೆನ್ನುನೋವಿಗೆಂದು ಶುರುವಾದ ಮಾತ್ರೆ ಎರಡೇ ವರ್ಷದಲ್ಲಿ ಅವಳನ್ನೇ ನುಂಗತೊಡಗಿತ್ತು. ನಾಲ್ಕು ಜನರ ಬಾಯಿಗೆ ಬೀಳಬಾರದೆಂದು ಈ ಪರದೇಶದ ಚಿಕಿತ್ಸಾ ಕೇಂದ್ರವನ್ನು ಹಟ ಹಿಡಿದು ಆರಿಸಿದವಳೂ ಅವಳೇ.

ಗಂಡ ಮಾತ್ರೆಗಳನ್ನು ನೋಡಿದ. ಅವಳನ್ನು ನೋಡಿದ. ತುಟಿ ಎರಡು ಮಾಡದೆ ಹೊರಗೆ ನಡೆದುಬಿಟ್ಟ.

'ಬೈದಾದರೂ ಹೋಗಬಾರದಿತ್ತೇ...'

ಮೊಬೈಲು ಬೀರು ಸೇರಿತು. ಆರು ವಾರ ಇರಬೇಕು. ಬಾಗಿಲಿಗೆ ಬೀಗವಿಲ್ಲ, ಸಹಿ ಹಾಕಿದರೆ ಯಾವಾಗ ಬೇಕಾದರೂ ಹೋಗಬಹುದು. ಭಾನುವಾರ ಹತ್ತು ಗಂಟೆಗೆ ಹತ್ತೇ ನಿಮಿಷ ಫೋನು, ಅದೂ ಒಂದೇ ನಂಬರಿಗೆ.

ನಂಬರು ಬರೆಯಲು ಹೋದರೆ ಅವಳಿಗೆ ಬಾಯಿಪಾಠ ಬರುತ್ತಿದ್ದದ್ದು ಒಂದೇ... ಊರಿನಲ್ಲಿರುವ ಗಂಡನ ಗಡಿಯಾರ ರಿಪೇರಿ ಅಂಗಡಿಯದು. ಮದುವೆಗೆ ಮುಂಚೆ ದಿನಾ ತಿರುಗಿಸುತ್ತಿದ್ದ ನಂಬರು! ಅದನ್ನೇ ಬರೆದಳು. ಕೇಂದ್ರದವರು ಅವನಿಗೂ ತಿಳಿಸಿದರು.

ಮೊದಲ ವಾರ ಮೈಯೆಲ್ಲ ನಡುಗಿತು. ಗಂಟೆಗೊಮ್ಮೆ ನಾಡಿ ನೋಡುವವರು, ಹೊದಿಕೆ ಬದಲಿಸುವವರು. ಆಮೇಲೆ ವೃತ್ತವಾಗಿ ಕುರ್ಚಿ ಹಾಕಿ ಮಾತು, ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವ ಪಾಳಿ.

"ಸಿಪ್ಪೆ ಸುಲಿ ಅಂದ್ರೆ ಆಲೂಗಡ್ಡೇನೇ ಬಿಸಾಕ್ತೀಯಲ್ಲೇ ಹುಡುಗಿ!" ಎಂದು ನಗಿಸುತ್ತಿದ್ದಳು ಪಕ್ಕದ ಮಂಚದ ಟೀಚರಮ್ಮ. ಕುಡಿತ ಬಿಡಲು ಬಂದವಳು, ಇದು ಎರಡನೇ ಸಲ.

ಮೂರು ಭಾನುವಾರ ಫೋನು ಸುಮ್ಮನೆ ರಿಂಗಾಯಿತು. ಹತ್ತು ನಿಮಿಷವೂ ಅವಳು ರಿಸೀವರ್ ಕೆಳಗಿಡಲಿಲ್ಲ. ಆ ಸದ್ದು ಅವನ ಮೇಜಿನ ಮೇಲೆ, ಅವನ ಭೂತಗನ್ನಡಿಯ ಪಕ್ಕದಲ್ಲೇ ಕೇಳುತ್ತಿದೆಯಲ್ಲ... ಅಷ್ಟೇ ಸಾಕಿತ್ತು.

ನಾಲ್ಕನೆಯ ಭಾನುವಾರ ಮನೆಯವರು ಬರುವ ದಿನ. ತನ್ನೆದುರಿನ ಖಾಲಿ ಕುರ್ಚಿಯನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ಬೆಳಿಗ್ಗೆಯೇ ಚೀಲ ಹಿಡಿದು ಕಚೇರಿಗೆ ಬಂದಳು.

"ನಾನು ಹೊರಡ್ತೀನಿ. ಎಲ್ಲಿ ಸಹಿ ಹಾಕಬೇಕು?"

"ಹಾಕುವಿರಂತೆ," ಎಂದಳು ನರ್ಸಮ್ಮ. "ಆದ್ರೆ ಗೇಟಿನ ಹತ್ರ ಒಬ್ರು ಆರು ಗಂಟೆಯಿಂದ ನಿಂತಿದ್ದಾರೆ. ಕೂತ್ಕೊಳ್ಳಿ ಅಂದ್ರೆ ಕೇಳ್ತಿಲ್ಲ."

ಅವಳು ಗೇಟಿಗೆ ಓಡಿದಳು. ಅವನೇ... ಗಡ್ಡ ಬೆಳೆದಿದೆ, ಅಂಗಿಯ ಗುಂಡಿ ಕಿತ್ತುಹೋಗಿದೆ.

"ಮೂರು ಭಾನುವಾರ ರಜೆ ಇದ್ರೂ ಬೆಳಿಗ್ಗೆ ಐದೂವರೆಗೇ ಅಂಗಡಿ ತೆಗೆದು ಏಳರವರೆಗೂ ಕೂತಿದ್ದೆ. ನೀನು ಒಂದು ಸಲಾನೂ ಮಾಡ್ಲಿಲ್ಲ," ಅಂದ ಅವನು.

"ಹತ್ತಕ್ಕೆ ಸರಿಯಾಗಿ ಮಾಡಿದ್ದೆ!"

"ನಿನ್ನ ಹತ್ತು ಅಂದ್ರೆ ನನ್ನ ಐದೂವರೆ ತಾನೇ?"

"ಅಯ್ಯೋ ದೇವರೇ! ಮಧ್ಯಾಹ್ನ ಎರಡೂವರೆ ರೀ! ನಾಲ್ಕೂವರೆ ಗಂಟೆ ಕೂಡಿಸಬೇಕು, ಕಳೆಯೋದಲ್ಲ! ಗಡಿಯಾರ ರಿಪೇರಿಯವರಂತೆ..."

ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳು ಅತ್ತಳು.

"ಅವತ್ತು ಮಾತೇ ಆಡದೆ ಹೋದ್ರಿ... ಅಸಹ್ಯ ಆಯ್ತೇನೋ ಅಂದ್ಕೊಂಡೆ."

"ಬಾಯಿ ತೆಗೆದ್ರೆ ಅತ್ತುಬಿಡ್ತಿದ್ದೆ ಕಣೇ. ನಾನು ಅತ್ರೆ ನೀನು ನನ್ನ ಜೊತೆ ವಾಪಸ್ ಬಂದುಬಿಡ್ತಿದ್ದೆ." ಅವನ ಕಣ್ಣು ಅವಳ ಚೀಲದ ಮೇಲೆ ಬಿತ್ತು. "ಇದ್ಯಾಕೆ?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಅವಳು ನುಂಗಿದಳು.

"ಓಡಿಹೋಗ್ತಿದ್ದೆ. ಮನೆಗಲ್ಲ... ಮಾತ್ರೆ ಅಂಗಡಿಗೆ."

ಅವನು ಚೀಲ ತೆಗೆದುಕೊಂಡ. ಅವಳ ಕೋಣೆಯವರೆಗೂ ಹೊತ್ತು ತಂದು ಮಂಚದ ಕೆಳಗಿಟ್ಟ.

"ಇನ್ನೂ ಎರಡು ವಾರ," ಅಂದಳು ಅವಳು. "ಇರ್ತೀನಿ. ನೀವು ಬರದೇ ಇದ್ರೂ ಇರ್ತೀನಿ."

"ಬರ್ತೀನಿ."

"ಮನೆಗೆ ಬಂದ ಮೇಲೂ ನನ್ನ ಮೇಲೆ ಅನುಮಾನ ಪಡ್ತೀರಾ?"

ಅವನು ಮಂಚದ ಮೇಲೆ ಅವಳ ಪಕ್ಕ ಕೂತ. "ಸ್ವಲ್ಪ ದಿನ ಪಡ್ತೀನಿ. ಕೋಪ ಮಾಡ್ಕೋತೀಯಾ?"

"ಮಾಡ್ಕೋತೀನಿ," ಎಂದು ಅವಳು ಅವನ ಭುಜಕ್ಕೆ ಒರಗಿದಳು. "ಆದ್ರೂ ಪಡಿ... ಹೀಗೇ ಪಕ್ಕದಲ್ಲಿ ಕೂತ್ಕೊಂಡು ಪಡಿ."