ಮೂಗು ಮೇಸ್ತ್ರಿ

ಕೋಕೋ ಬೀಜ ಹುಳಿಯುವ ಪೆಟ್ಟಿಗೆಯ ಮೇಲೆ ಬಗ್ಗಿ, ಆಳವಾಗಿ ಉಸಿರೆಳೆದು, ಮೇಸ್ತ್ರಿ ಹೇಳಿದರು: “ಇನ್ನೊಂದು ದಿನ ಇರಲಿ.”

ಪೆಟ್ಟಿಗೆಯ ಬೀಜ ಆಗಲೇ ಕೊಳೆತು ನಾರುತ್ತಿತ್ತು. ಅಂಗಳದಲ್ಲಿ ಬೀಜ ಒಣಗಿಸುವ ನಾನೇ ಸೆರಗಿನಿಂದ ಮೂಗು ಮುಚ್ಚಿಕೊಂಡೆ.

“ತಮಾಷೆ ಮಾಡ್ತಿದೀರಾ?” ಅಂದೆ.

ಅವರ ಮುಖ ಬಿಳಿಚಿಕೊಂಡಿತು. ಬೀಜ ಹದಕ್ಕೆ ಬಂದದ್ದನ್ನು ವಾಸನೆಯಲ್ಲೇ ಹೇಳುತ್ತಾರೆಂದು ಎಲ್ಲರೂ ‘ಮೂಗು ಮೇಸ್ತ್ರಿ’ ಎಂದು ಕರೆಯುತ್ತಿದ್ದದ್ದು ಇವರನ್ನೇ.

“ಜ್ವರ ಬಂದು ಹೋದಾಗಿನಿಂದ ಯಾವ ವಾಸನೆಯೂ ಗೊತ್ತಾಗ್ತಿಲ್ಲ. ಯಾರಿಗೂ ಹೇಳ್ಬೇಡ. ಈ ಮೂಗು ಬಿಟ್ರೆ ನನ್ನ ಹತ್ರ ಏನಿದೆ?”

ಏನಿದೆಯೆಂದು, ಇಷ್ಟು ದಿನ ಅವರನ್ನು ಕದ್ದು ನೋಡುತ್ತಿದ್ದ ನನ್ನನ್ನು ಕೇಳಬೇಕಿತ್ತು.

ಅಂದಿನಿಂದ ನಾನೇ ಅವರ ಮೂಗಾದೆ. ಬೀಜ ಹದಕ್ಕೆ ಬಂದಿದ್ದರೆ ಪೆಟ್ಟಿಗೆಯ ಪಕ್ಕ ನಿಂತು ತಲೆಬಟ್ಟೆ ಸರಿಮಾಡಿಕೊಳ್ಳುವುದು, ಬರದಿದ್ದರೆ ಕೆಮ್ಮುವುದು. ಒಮ್ಮೆ ನಿಜವಾಗಿಯೇ ನೆಗಡಿಯಾಗಿ ಕೆಮ್ಮಿಬಿಟ್ಟೆ. ಹದಕ್ಕೆ ಬಂದಿದ್ದ ಬೀಜ ಪೆಟ್ಟಿಗೆಯಲ್ಲೇ ಉಳಿಯಿತು.

“ನಿನ್ನ ಕೆಮ್ಮು ನಂಬೋ ಹಾಗಿಲ್ಲ,” ಎಂದು ನಕ್ಕರು.

“ಹಾಗಾದ್ರೆ ನನ್ನನ್ನೇ ನೋಡ್ತಾ ಇರಿ.”

ನೋಡಿದರು. ನನ್ನ ಪಕ್ಕ ಕೆಲಸ ಮಾಡುತ್ತಿದ್ದವಳು ಗಂಟಲು ಸರಿಮಾಡಿಕೊಳ್ಳುವಷ್ಟು ಹೊತ್ತು ನೋಡಿದರು. ನನಗೆ ಅದೂ ಸಾಲಲಿಲ್ಲ.

ಮಳೆ ಹಿಡಿದರೆ ಬೀಜ ಒಣಗಿಸುವುದು ಗ್ಯಾಸ್ ಒಲೆಯ ಕೋಣೆಯಲ್ಲಿ. ಒಂದು ಬೆಳಿಗ್ಗೆ ಬಾಗಿಲ ಬಳಿಯೇ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಮೇಸ್ತ್ರಿ ಬೆಂಕಿಪೊಟ್ಟಣದಿಂದ ಕಡ್ಡಿ ತೆಗೆಯುತ್ತಿದ್ದರು. ಕಿತ್ತುಕೊಂಡೆ. ಕೈ ಹಿಡಿದು ಹೊರಗೆಳೆದೆ. ಅವರ ಕೈಯನ್ನು ನಾನು ಮೊದಲ ಸಲ ಹಿಡಿದದ್ದು ಹಾಗೆ.

ತೋಟದ ಯಜಮಾನರಿಗೆ ನಾನೇ ಹೋಗಿ ಅವರ ಗುಟ್ಟು ಹೇಳಿದೆ. ಇವತ್ತು ನಾನಿದ್ದೆ, ನಾಳೆ ಇರದಿದ್ದರೆ?

“ನನ್ನ ಮೂಗು ನೀನೇ ಕೊಯ್ದೆಯಲ್ಲ,” ಅಂದರು ಮೇಸ್ತ್ರಿ. ಆಮೇಲೆ ನನ್ನ ಜೊತೆ ಮಾತು ಬಿಟ್ಟರು.

ಕೋಕೋ ಮರದಲ್ಲಿ ನಾವು ಏನನ್ನೂ ಬಿಸಾಡುವುದಿಲ್ಲ. ತಿರುಳಿನ ರಸ ಕುಡಿಯುತ್ತೇವೆ, ಬೀಜದ ಬೆಣ್ಣೆಯನ್ನು ಒಡೆದ ಹಿಮ್ಮಡಿಗೆ ಹಚ್ಚುತ್ತೇವೆ, ಸಿಪ್ಪೆ ದನಕ್ಕೂ ಗೊಬ್ಬರಕ್ಕೂ ಆಗುತ್ತದೆ, ಅದರ ಬೂದಿಯಿಂದ ಸೋಪು ಮಾಡುತ್ತೇವೆ. ಮನುಷ್ಯರನ್ನು ಮಾತ್ರ ಬಿಸಾಡುತ್ತೇವೆ. ಮೇಸ್ತ್ರಿಯನ್ನು ಸಿಪ್ಪೆ ಕೊಳೆಯುವ ಗುಂಡಿಯ ಕೆಲಸಕ್ಕೆ ಹಾಕಿದರು. “ಅವನಿಗೇನು, ನಾತ ಗೊತ್ತಾಗಲ್ವಲ್ಲ” ಎಂದು ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ದಿನಾ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಆ ಗುಂಡಿಯ ಹತ್ತಿರವೇ ಹೋಗಿ ಕೂರುತ್ತಿದ್ದೆ. ಅವರು ಬೆನ್ನು ತಿರುಗಿಸಿ ಉಣ್ಣುತ್ತಿದ್ದರು. ನಿನ್ನೆ ಕೊನೆಗೂ ಬಾಯಿ ಬಿಟ್ಟರು.

“ಇಲ್ಲಿ ನಾರಲ್ವಾ?”

“ನಾರುತ್ತೆ. ಕರುಳು ಕಿತ್ತು ಬರೋ ಹಾಗೆ.”

“ಮತ್ತೆ ಯಾಕೆ ಬರ್ತೀಯ? ಕನಿಕರಾನಾ?”

“ಕನಿಕರ ಆಗಿದ್ರೆ ನಿಮ್ಮ ಗುಟ್ಟು ಮುಚ್ಚಿಟ್ಟು ಸುಮ್ನಿರ್ತಿದ್ದೆ. ನನಗೆ ನೀವು ಬೇಕು. ಜೀವಂತ ಬೇಕು.”

ಅವರು ಅನ್ನ ಕಲಸುತ್ತಲೇ ಇದ್ದರು. ನನಗೆ ತಡೆಯಲಾಗಲಿಲ್ಲ.

“ಈ ನಾತ ನನ್ನ ಮೈಗೂ ಹಿಡಿದಿದೆ, ಎಷ್ಟು ತೊಳೆದ್ರೂ ಹೋಗ್ತಿಲ್ಲ. ಅಂಗಳದಲ್ಲಿ ಈಗ ಯಾರೂ ನನ್ನ ಪಕ್ಕ ಕೂರಲ್ಲ. ಮೂಗು ಮುರಿಯದೆ ನನ್ನ ಹತ್ರ ಕೂರೋರು ಅಂತ ಉಳಿದಿರೋದು ನೀವೊಬ್ರೇ.”

ಮೇಸ್ತ್ರಿಯ ಬೆನ್ನು ಅಲುಗಿತು, ಅಳುತ್ತಿದ್ದರು. ಆಮೇಲೆ ಡಬ್ಬಿ ಎತ್ತಿಕೊಂಡು ಬಂದು, ಭುಜಕ್ಕೆ ಭುಜ ತಾಗುವಂತೆ ನನ್ನ ಪಕ್ಕ ಕೂತರು.